ದೀಪದಿಂದ ಡಯೋಡಿಗೆ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಗೆ ಹೆಸರು ಕೊಟ್ಟ ಎಸ್. ನಿಜಲಿಂಗಪ್ಪನವರು ಎರಡನೇ ಸಲ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದದ್ದು 1962ರ ಜೂನ್‌ನಲ್ಲಿ. ಕುರ್ಚಿ ಬಿಟ್ಟದ್ದು 1968ರ ಮೇ ತಿಂಗಳಲ್ಲಿ. ಈ ಕಥೆಗೂ ಅವರಿಗೂ ನೇರ ಸಂಬಂಧವೇನಿಲ್ಲ. ನಮ್ಮ ಕಡೆಯವರಿಗೆ ಕಾಲದ ಅಂದಾಜು ಸಿಗಲಿ ಎಂದು ಅವರ ಹೆಸರು ಎತ್ತಿದೆ, ಅಷ್ಟೆ. ಅವರು ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಅಮೆರಿಕದ ಪ್ರಯೋಗಾಲಯಗಳಲ್ಲಿ ಅರೆವಾಹಕದ ಪುಟ್ಟ ಚೂರೊಂದು ಲೇಸರ್ ಬೆಳಕು ಕೊಟ್ಟಿತು. ಅವರು ಅಧಿಕಾರ ಬಿಟ್ಟ ವರ್ಷ, ಅಂಥ ಚೂರಿನ ಬೆಳಕನ್ನೇ ಉಣಿಸಿ ಯಾಗ್ ಎಂಬ ಹರಳಿನಿಂದ ಲೇಸರ್ ಹೊರಡಿಸಬಹುದು ಎಂಬುದು ಸಾಬೀತಾಯಿತು. ಆ ತಂತ್ರ ಬೆಂಗಳೂರಿನ ಪೀಣ್ಯದ ಮೂಲಕ ಚಂದ್ರನ ಕಕ್ಷೆ ಸೇರುವ ಹೊತ್ತಿಗೆ ಇನ್ನೂ ನಲವತ್ತು ವರ್ಷ ಕಳೆದಿತ್ತು. ಆ ನಲವತ್ತು ವರ್ಷದಲ್ಲಿ ವಿಜ್ಞಾನಿಗಳು ಬೆಳಕಿನ ಜೊತೆ ಗುದ್ದಾಡಿದ್ದಕ್ಕಿಂತ ಬಿಸಿಯ ಜೊತೆ ಗುದ್ದಾಡಿದ್ದೇ ಹೆಚ್ಚು.

ಕಥೆ ಶುರುವಾಗುವುದು ಒಂದು ದೀಪದಿಂದ. 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ, ಹ್ಯೂಸ್ ಸಂಶೋಧನಾಲಯದ ಥಿಯೊಡರ್ ಮೈಮನ್ ಕೆಂಪು ಮಾಣಿಕ್ಯದ ಸಣ್ಣ ಸರಳಿನ ಸುತ್ತ ಸುರುಳಿಯಾಕಾರದ ಫ್ಲ್ಯಾಷ್ ದೀಪ ಇಟ್ಟು ಹೊತ್ತಿಸಿದ. ಸರಳಿನ ತುದಿಯಿಂದ ಕೆಂಪು ಕಿರಣ ಹೊರಟಿತು. ಜಗತ್ತಿನ ಮೊದಲ ಲೇಸರ್ ಅದು. ಅದನ್ನು ನಿಜವಾಗಿ ಕಂಡುಹಿಡಿದವರು ಯಾರು ಎಂಬ ಜಗಳ ಇಂದಿಗೂ ಪೂರ್ತಿ ತಣ್ಣಗಾಗಿಲ್ಲ. ಮಾಡಿ ತೋರಿಸಿದವನು ಮೈಮನ್, ಸಿದ್ಧಾಂತ ಬರೆದು ಪ್ರಕಟಿಸಿದವರು ಚಾರ್ಲ್ಸ್ ಟೌನ್ಸ್ ಮತ್ತು ಆರ್ಥರ್ ಶಾಲೊ, ಆ ಹೆಸರನ್ನು ತನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ದಶಕಗಟ್ಟಲೆ ಪೇಟೆಂಟಿಗಾಗಿ ಕೋರ್ಟು ಅಲೆದವನು ಗೋರ್ಡನ್ ಗೂಲ್ಡ್. ನನ್ನ ಮಟ್ಟಿಗೆ ನಾಲ್ವರಿಗೂ ಪಾಲಿದೆ. ನಮಗೆ ಇಲ್ಲಿ ಬೇಕಾದದ್ದು ಆ ದೀಪದ ವಿಷಯ.

ಫ್ಲ್ಯಾಷ್ ದೀಪ ಎಲ್ಲ ಬಣ್ಣದ ಬೆಳಕನ್ನೂ ಚೆಲ್ಲುತ್ತದೆ. ಹರಳಿಗೆ ಬೇಕಾದದ್ದು ಮಾತ್ರ ಕೆಲವೇ ಬಣ್ಣ. 1964ರಲ್ಲಿ ಬೆಲ್ ಪ್ರಯೋಗಾಲಯದ ಜೋಸೆಫ್ ಗ್ಯೂಸಿಕ್ ಮತ್ತು ಸಂಗಡಿಗರು ನಿಯೊಡಿಮಿಯಂ ಬೆರೆಸಿದ ಯಾಗ್ ಹರಳನ್ನು ತಂದರು. ಇಟ್ರಿಯಂ, ಅಲ್ಯುಮಿನಿಯಂ, ಆಮ್ಲಜನಕ ಸೇರಿ ಆದ ಗಟ್ಟಿ ಹರಳು, ಕಣ್ಣಿಗೆ ತಿಳಿ ನೇರಳೆ. ಲೇಸರ್ ಲೋಕದಲ್ಲಿ ಇಷ್ಟು ಬಾಳಿಕೆ ಬಂದ ಹರಳು ಮತ್ತೊಂದಿಲ್ಲ. ಇದರಲ್ಲಿನ ನಿಯೊಡಿಮಿಯಂ ಅಯಾನುಗಳು 808 ನ್ಯಾನೊಮೀಟರ್ ತರಂಗಾಂತರದ ಆಸುಪಾಸಿನ ಬೆಳಕನ್ನು ಆಸೆಯಿಂದ ಹೀರಿಕೊಂಡು, 1064 ನ್ಯಾನೊಮೀಟರಿನ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಬಿಡುತ್ತವೆ. ದೀಪ ಚೆಲ್ಲಿದ ಬೆಳಕಿನಲ್ಲಿ ಅದಕ್ಕೆ ಹಿಡಿಸುವ ಪಾಲು ಅಲ್ಪ. ಉಳಿದದ್ದೆಲ್ಲ ಸರಳನ್ನೂ ಸುತ್ತಲಿನ ಪೆಟ್ಟಿಗೆಯನ್ನೂ ಕಾಯಿಸುತ್ತದೆ. ಒಂದು ಗಿಡದ ಬುಡಕ್ಕೆ ನೀರುಣಿಸಲು ಭದ್ರಾ ಕಾಲುವೆಯನ್ನೇ ಹೊಲಕ್ಕೆ ತಿರುಗಿಸಿದ ಹಾಗೆ. ದೀಪದಿಂದ ನಡೆಯುವ ಯಾಗ್ ಲೇಸರಿನಲ್ಲಿ ಗೋಡೆಯ ಪ್ಲಗ್ಗಿನಿಂದ ಎಳೆದ ವಿದ್ಯುತ್ತಿನ ನೂರು ಪಾಲಿನಲ್ಲಿ ಒಂದರಿಂದ ಮೂರು ಪಾಲು ಮಾತ್ರ ಲೇಸರ್ ಬೆಳಕಾಗಿ ಹೊರಬರುತ್ತದೆ. ಮಿಕ್ಕ ತೊಂಬತ್ತೇಳರಿಂದ ತೊಂಬತ್ತೊಂಬತ್ತು ಪಾಲನ್ನು ತಣ್ಣೀರು ಹಾಯಿಸಿ ಹೊರಗೆ ಸಾಗಿಸಬೇಕು.

ಹಾಗಾದರೆ ಹರಳಿಗೆ ಬೇಕಾದ ಬಣ್ಣವನ್ನಷ್ಟೇ ಕೊಡುವ ದೀಪ ಸಿಕ್ಕರೆ? ಈ ಯೋಚನೆ ಬರಲು ತಡವಾಗಲಿಲ್ಲ. 1962ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರಾಬರ್ಟ್ ಹಾಲ್ ಗ್ಯಾಲಿಯಂ ಆರ್ಸೆನೈಡ್ ಎಂಬ ಅರೆವಾಹಕದ ಡಯೋಡಿನಿಂದ ಲೇಸರ್ ಹೊರಡಿಸಿದ. ಐಬಿಎಂ ಮತ್ತು ಎಂಐಟಿಯ ಲಿಂಕನ್ ಪ್ರಯೋಗಾಲಯದ ತಂಡಗಳು, ಜನರಲ್ ಎಲೆಕ್ಟ್ರಿಕ್‌ನವನೇ ಆದ ನಿಕ್ ಹೊಲೊನ್ಯಾಕ್, ಎಲ್ಲರೂ ಕೆಲವು ವಾರಗಳ ಅಂತರದಲ್ಲಿ ಅದೇ ಗುರಿ ಮುಟ್ಟಿದರು. ಮರುವರ್ಷವೇ ರೋಜರ್ ನ್ಯೂಮನ್ ಎಂಬಾತ ಇಂಥ ಡಯೋಡುಗಳ ಬೆಳಕು ನಿಯೊಡಿಮಿಯಂ ಅಯಾನನ್ನು ಎಬ್ಬಿಸಬಲ್ಲದು ಎಂದು ತೋರಿಸಿದ. 1964ರಲ್ಲಿ ಲಿಂಕನ್ ಪ್ರಯೋಗಾಲಯದ ರಾಬರ್ಟ್ ಕೀಸ್ ಮತ್ತು ಥಿಯೊಡರ್ ಕ್ವಿಸ್ಟ್ ಯುರೇನಿಯಂ ಬೆರೆಸಿದ ಕ್ಯಾಲ್ಸಿಯಂ ಫ್ಲೋರೈಡ್ ಹರಳನ್ನು ಡಯೋಡುಗಳಿಂದ ಪಂಪ್ ಮಾಡಿ, ಎಂದರೆ ಅವುಗಳ ಬೆಳಕು ಉಣಿಸಿ, ಲೇಸರ್ ಪಡೆದರು. ಇಡೀ ಸಾಧನವನ್ನು ದ್ರವ ಹೀಲಿಯಂನ ಚಳಿಯಲ್ಲಿ, ಎಂದರೆ ಸೊನ್ನೆಗಿಂತ 269 ಡಿಗ್ರಿ ಕೆಳಗೆ, ಇಡಬೇಕಾಗಿತ್ತು. 1968ರಲ್ಲಿ ಮ್ಯಾಕ್‌ಡಾನಲ್ ಡಗ್ಲಸ್ ಕಂಪನಿಯ ಮಾಂಟಿ ರಾಸ್ ಡಯೋಡಿನಿಂದ ಯಾಗ್ ಹರಳನ್ನೇ ಎಬ್ಬಿಸಿದ. ಅವನಿಗೂ ಚಳಿ ತಪ್ಪಿರಲಿಲ್ಲ. ಮೊದಲಿಗ ಯಾರೆಂದು ಕೇಳಿದರೆ ಕೆಲವರು ಕೀಸ್ ಮತ್ತು ಕ್ವಿಸ್ಟ್ ಎನ್ನುತ್ತಾರೆ, ಕೆಲವರು ರಾಸ್ ಎನ್ನುತ್ತಾರೆ. ಇಂದು ಬಳಕೆಯಲ್ಲಿರುವ ಲೇಸರುಗಳ ನೇರ ಪೂರ್ವಜ ರಾಸ್‌ನದು ಎಂದು ನಾನು ಎಣಿಸುತ್ತೇನೆ.

ರಾಸ್‌ನ ಕಣ್ಣು ಉಪಗ್ರಹಗಳ ನಡುವಣ ಸಂಪರ್ಕದ ಮೇಲಿತ್ತು, ಹಣ ರಕ್ಷಣಾ ಇಲಾಖೆಯ ಕಡೆಯಿಂದ ಹರಿಯುತ್ತಿದ್ದ ಕಾಲ ಅದು. ಇತಿಹಾಸಕಾರರು ಇಲ್ಲಿ ಎರಡು ಪಂಗಡವಾಗಿದ್ದಾರೆ. ಸೇನೆಯ ದುಡ್ಡು ಅಮೆರಿಕದ ಭೌತವಿಜ್ಞಾನದ ದಿಕ್ಕನ್ನೇ ತಿರುಗಿಸಿತು ಎಂದು ಪಾಲ್ ಫೋರ್ಮನ್ 1987ರಲ್ಲಿ ವಾದಿಸಿದರು. ಲೇಸರಿನ ಚರಿತ್ರೆಯನ್ನು ಪುಸ್ತಕವಾಗಿ ಬರೆದ ಜೋನ್ ಬ್ರೊಂಬರ್ಗ್, ವಿಜ್ಞಾನಿಗಳು ಹಾಗೆ ಕೈಗೊಂಬೆಗಳಾಗಿರಲಿಲ್ಲ, ತಮ್ಮ ಕುತೂಹಲಕ್ಕೂ ಅದೇ ಹಣವನ್ನು ಬಳಸಿಕೊಂಡರು ಎಂದರು. ಡಯೋಡ್ ಪಂಪಿಂಗಿನ ಮುಂದಿನ ಕಥೆ ನೋಡಿದರೆ ಇಬ್ಬರ ಮಾತಿಗೂ ಒಂದು ತಿದ್ದುಪಡಿ ಬೇಕೆನಿಸುತ್ತದೆ. ಇದನ್ನು ಕೊನೆಗೆ ಎತ್ತಿ ಹಿಡಿದದ್ದು ಸೇನೆಯೂ ಅಲ್ಲ, ಕುತೂಹಲವೂ ಅಲ್ಲ, ಹಾಡು ಕೇಳುವ ಪೆಟ್ಟಿಗೆ.

1968ರ ಡಯೋಡ್ ದುಬಾರಿ, ಬಡಕಲು, ಅಲ್ಪಾಯು. 1970ರಲ್ಲಿ ಲೆನಿನ್‌ಗ್ರಾಡಿನ ಜೋರೆಸ್ ಅಲ್ಫೆರೊವ್ ತಂಡ, ಅದೇ ಹೊತ್ತಿಗೆ ಬೆಲ್ ಪ್ರಯೋಗಾಲಯದ ಇಜುವೊ ಹಯಾಶಿ ಮತ್ತು ಮಾರ್ಟನ್ ಪ್ಯಾನಿಶ್, ಬೇರೆ ಬೇರೆ ಅರೆವಾಹಕದ ತೆಳು ಪದರಗಳನ್ನು ಒಂದರ ಮೇಲೊಂದು ಬೆಳೆಸಿ ಸಾಮಾನ್ಯ ಕೋಣೆಯ ಬಿಸಿಯಲ್ಲೂ ಎಡೆಬಿಡದೆ ಬೆಳಗುವ ಡಯೋಡ್ ಲೇಸರ್ ಮಾಡಿದರು. ಅಲ್ಫೆರೊವ್‌ಗೆ 2000ದಲ್ಲಿ ಹರ್ಬರ್ಟ್ ಕ್ರೋಮರ್ ಜೊತೆ ನೊಬೆಲ್ ಬಂತು. ಆದರೂ ಡಯೋಡು ಕಾರ್ಖಾನೆಯ ಸರಕಾಗಲು 1982ರಲ್ಲಿ ಸಿ.ಡಿ. ಪ್ಲೇಯರ್ ಬರಬೇಕಾಯಿತು. ಪ್ರತಿ ಪ್ಲೇಯರಿನೊಳಗೂ 780 ನ್ಯಾನೊಮೀಟರಿನ ಒಂದು ಡಯೋಡ್ ಲೇಸರ್. ಲಕ್ಷಗಟ್ಟಲೆ ತಯಾರಾದಾಗ ಬೆಲೆ ಇಳಿಯಿತು, ಆಯುಷ್ಯ ಹೆಚ್ಚಿತು. ಅದೇ ಜಾತಿಯ ಅರೆವಾಹಕದಲ್ಲಿ ಅಲ್ಯುಮಿನಿಯಂ ಪಾಲನ್ನು ಸ್ವಲ್ಪ ಬದಲಿಸಿದರೆ 780ರ ಬದಲು 808 ಬರುತ್ತದೆ. ಯಾಗ್ ಹರಳು ಹದಿನೆಂಟು ವರ್ಷದಿಂದ ಕಾಯುತ್ತಿದ್ದದ್ದು ಇದಕ್ಕೇ. 1983ರಲ್ಲಿ ಡೊನಾಲ್ಡ್ ಸೈಫ್ರೆಸ್ ಮತ್ತಿತರರು ಕ್ಯಾಲಿಫೋರ್ನಿಯಾದಲ್ಲಿ ಸ್ಪೆಕ್ಟ್ರಾ ಡಯೋಡ್ ಲ್ಯಾಬ್ಸ್ ಕಂಪನಿ ತೆರೆದು, ಹಲವು ಡಯೋಡುಗಳನ್ನು ಒಂದೇ ಪಟ್ಟಿಯ ಮೇಲೆ ಸಾಲಾಗಿ ಕೂರಿಸಿ ಹೆಚ್ಚು ಶಕ್ತಿ ತೆಗೆದರು. 1985ರಲ್ಲಿ ಸ್ಟ್ಯಾನ್‌ಫರ್ಡಿನ ರಾಬರ್ಟ್ ಬೈಯರ್, ಚೀನಾದಿಂದ ಬಂದಿದ್ದ ಬಿಂಕುನ್ ಝೌ, ಥಾಮಸ್ ಕೇನ್ ಮೊದಲಾದವರು ಡಯೋಡಿನ ಬೆಳಕನ್ನು ಯಾಗ್ ಹರಳಿನ ತುದಿಯಿಂದಲೇ ಒಳಗೆ ತೂರಿಸಿ, ಒಂಚೂರೂ ಅಲುಗಾಡದ ಶುದ್ಧ ಕಿರಣ ಪಡೆದರು. ಗುರುತ್ವ ಅಲೆಗಳನ್ನು 2015ರಲ್ಲಿ ಹಿಡಿದ ಲೈಗೊ ಉಪಕರಣದ ಬೀಜ ಲೇಸರ್ ಕೇನ್ ಮತ್ತು ಬೈಯರ್ ರೂಪಿಸಿದ ಆ ಮಾದರಿಯದೇ.

ಈಗ ಲೆಕ್ಕ ನೋಡೋಣ. ಡಯೋಡಿಗೆ 100 ವ್ಯಾಟ್ ಕೊಟ್ಟರೆ ಸುಮಾರು 50 ವ್ಯಾಟ್ ಬೆಳಕಾಗುತ್ತದೆ, ಅರ್ಧ ಅಲ್ಲೇ ಬಿಸಿ. ಆ 50ರಲ್ಲಿ ಹರಳು ಹೀರುವುದು 45 ಎಂದಿಟ್ಟುಕೊಳ್ಳಿ. ಮುಂದಿನ ಕಡಿತವನ್ನು ಯಾವ ಇಂಜಿನಿಯರೂ ತಪ್ಪಿಸಲಾರ. 808ರ ಒಂದು ಬೆಳಕಿನ ಕಣ ಒಳಗೆ ಹೋಗಿ 1064ರ ಒಂದು ಕಣ ಹೊರಬರುವಾಗ ಶಕ್ತಿಯಲ್ಲಿ ಶೇಕಡಾ 24ರಷ್ಟು ಹರಳಿನಲ್ಲೇ ಉಳಿದು ಬಿಸಿಯಾಗುತ್ತದೆ. ನಿಸರ್ಗ ಹಾಕುವ ಸುಂಕ ಅದು. 45 ಎಂಬುದು 34ಕ್ಕೆ ಇಳಿಯಿತು. ಕನ್ನಡಿಗಳ ನಷ್ಟ, ಕಿರಣ ಸರಿಯಾಗಿ ಕೂಡದ ನಷ್ಟ, ಡಯೋಡನ್ನು ತಣ್ಣಗಿಡುವ ಯಂತ್ರದ ಖರ್ಚು ಎಲ್ಲ ಕಳೆದರೆ ಕೈಗೆ ಸಿಗುವುದು 10ರಿಂದ 20. ಕೇಳಲು ಕಡಿಮೆ ಎನಿಸಬಹುದು. ದೀಪದ ಒಂದೆರಡಕ್ಕೆ ಹೋಲಿಸಿದರೆ ಹತ್ತು ಪಟ್ಟು. ಯಾಗ್ ಹರಳಿಗೆ ನಿಯೊಡಿಮಿಯಂ ಬದಲು ಇಟರ್ಬಿಯಂ ಬೆರೆಸಿದರೆ 940 ಹೀರಿ 1030 ಬಿಡುತ್ತದೆ. ಆಗ ಸುಂಕ ಶೇಕಡಾ 9ಕ್ಕೆ ಇಳಿಯುತ್ತದೆ. 1990ರ ದಶಕದಲ್ಲಿ ಜರ್ಮನಿಯ ಅಡಾಲ್ಫ್ ಗೀಸೆನ್ ಹರಳನ್ನು ಬಿಲ್ಲೆಯಷ್ಟು ತೆಳ್ಳಗೆ ಕೊಯ್ದು ಬೆನ್ನಿನಿಂದ ತಣ್ಣಗಿಡುವ ಉಪಾಯ ತಂದಾಗ ಇಟರ್ಬಿಯಂ ಮುಂದೆ ಬಂತು.

ಇನ್ನೊಂದು ದಾರಿ ಹರಳನ್ನೇ ಕೈಬಿಟ್ಟು ಗಾಜಿನ ಎಳೆಯೊಳಗೆ ಇಟರ್ಬಿಯಂ ಸೇರಿಸುವುದು. ಎಳೆ ಉದ್ದವಾಗಿ ತೆಳ್ಳಗಿರುವುದರಿಂದ ಬಿಸಿ ತಾನೇ ಹೊರಗೆ ಹೋಗುತ್ತದೆ. ಕಬ್ಬಿಣದ ತಗಡು ಕೊಯ್ಯುವ ಇಂದಿನ ಫೈಬರ್ ಲೇಸರ್ ಯಂತ್ರಗಳ ಒಳಗಿರುವುದು ಇದೇ, ಅವೂ ಡಯೋಡಿನಿಂದಲೇ ನಡೆಯುತ್ತವೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿಂದ ಹೆಸರು ಮಾಡಿದ ಹರಿಹರದವರಿಗೆ ಲೋಹ ಕೊಯ್ಯುವ ಖರ್ಚನ್ನು ಬಿಡಿಸಿ ಹೇಳಬೇಕಾಗಿಲ್ಲ. 3 ಕಿಲೊವ್ಯಾಟ್ ಕಿರಣ ಬೇಕೆಂದರೆ, ಶೇಕಡಾ 2ರ ದಕ್ಷತೆಯ ದೀಪದ ಲೇಸರ್ 150 ಕಿಲೊವ್ಯಾಟ್ ನುಂಗುತ್ತದೆ. ಶೇಕಡಾ 30ರ ದಕ್ಷತೆಯ ಫೈಬರ್ ಲೇಸರಿಗೆ 10 ಸಾಕು. ಬೆಸ್ಕಾಂ ಬಿಲ್ಲು ನೋಡಿದವರಿಗೆ ಇದಕ್ಕಿಂತ ಹೆಚ್ಚಿನ ಭೌತವಿಜ್ಞಾನ ಬೇಡ.

ನೆಲದ ಮೇಲೆ ಕರೆಂಟಿಗೆ ದುಡ್ಡು ಕೊಟ್ಟರಾಯಿತು. ಆಕಾಶದಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ, ಬಿಸಿಯನ್ನು ಹೊತ್ತೊಯ್ಯಲು ಗಾಳಿಯೂ ಇಲ್ಲ. 1971 ಮತ್ತು 1972ರಲ್ಲಿ ಅಪೊಲೊ 15, 16, 17 ನೌಕೆಗಳು ಚಂದ್ರನ ಎತ್ತರ-ತಗ್ಗು ಅಳೆಯಲು ದೀಪದಿಂದ ನಡೆಯುವ ಮಾಣಿಕ್ಯದ ಲೇಸರ್ ಹೊತ್ತೊಯ್ದವು. ಹತ್ತಾರು ಸೆಕೆಂಡಿಗೆ ಒಂದು ಮಿಣುಕು, ಅಷ್ಟೇ ಅದರ ವೇಗ. ಅಪೊಲೊ 15ರದು ಕೆಲಸದ ಮಧ್ಯದಲ್ಲೇ ಕೈಕೊಟ್ಟಿತು. ಡಯೋಡ್ ಲೇಸರಿನೊಂದಿಗೆ 1994ರಲ್ಲಿ ಹೋದ ಕ್ಲೆಮೆಂಟೈನ್ ಚಂದ್ರನ ಮೊದಲ ವಿಶಾಲ ಎತ್ತರ ನಕ್ಷೆ ಕೊಟ್ಟಿತು, ಆದರೆ ಧ್ರುವಗಳ ಸುತ್ತಲಿನ ನೆಲ ಅದರ ಲೆಕ್ಕಕ್ಕೆ ಸಿಗಲಿಲ್ಲ. ನಿಜವಾದ ತಿರುವು ಮಂಗಳದಲ್ಲಿ ಬಂತು. 1996ರಲ್ಲಿ ಹಾರಿದ ಮಾರ್ಸ್ ಗ್ಲೋಬಲ್ ಸರ್ವೇಯರ್‌ನಲ್ಲಿದ್ದ ಮೋಲಾ ಎಂಬ ಉಪಕರಣ ಸೆಕೆಂಡಿಗೆ ಹತ್ತರಂತೆ, 2001ರ ಜೂನ್ ತನಕ 60 ಕೋಟಿಗೂ ಹೆಚ್ಚು ಸಲ ಮಂಗಳದ ನೆಲಕ್ಕೆ ಲೇಸರ್ ಬಡಿಯಿತು. ಒಂದೇ ಸಾಧನ, ಒಂದೇ ಡಯೋಡ್ ಸಮೂಹ. ಆ ಹೊತ್ತಿಗೆ ಮಂಗಳದ ಎತ್ತರ ನಕ್ಷೆ ನಮ್ಮ ಭೂಮಿಯ ಎಷ್ಟೋ ಭಾಗದ್ದಕ್ಕಿಂತ ನಿಖರವಾಗಿತ್ತು.

ಈ ಜಯದ ಬೆನ್ನಿಗೇ ಒಂದು ಪೆಟ್ಟು ಬಿತ್ತು. 2003ರ ಜನವರಿಯಲ್ಲಿ ನಾಸಾ ಹಿಮದ ಎತ್ತರ ಅಳೆಯಲು ಐಸ್‌ಸ್ಯಾಟ್ ಹಾರಿಸಿತು. ಅದರಲ್ಲಿ ಮೂರು ಯಾಗ್ ಲೇಸರುಗಳು, ವರ್ಷಗಟ್ಟಲೆ ಎಡೆಬಿಡದೆ ಕೆಲಸ ಮಾಡಬೇಕೆಂಬ ಲೆಕ್ಕ. ಮೊದಲನೆಯದು ಐದು ವಾರಕ್ಕೇ ಸತ್ತಿತು. ತನಿಖೆ ಸಾಗಿದ್ದು ಡಯೋಡ್ ಪಟ್ಟಿಯೊಳಗಿನ ಕೂದಲಿಗಿಂತ ಸಣ್ಣ ಚಿನ್ನದ ತಂತಿಗಳ ಬುಡಕ್ಕೆ. ಬೆಸುಗೆಗೆ ಬಳಸಿದ್ದ ಇಂಡಿಯಂ ಲೋಹ ಹರಿದು ಚಿನ್ನದ ತಂತಿಯನ್ನು ಮುಟ್ಟಿತ್ತು. ಎರಡೂ ಕೂಡಿ ನಿಧಾನವಾಗಿ ಪೆಡಸಾದ ಮಿಶ್ರಣವಾಗಿ ತಂತಿ ಮುರಿದಿತ್ತು. ಒಂದು ತಂತಿ ಹೋದರೆ ಉಳಿದವುಗಳ ಮೇಲೆ ಭಾರ, ಬಿಸಿ, ಮತ್ತೆ ಮುರಿತ. ನೂರಾರು ಕಿಲೊಮೀಟರ್ ಎತ್ತರದ ಉಪಗ್ರಹವನ್ನು ಕೆಡಿಸಿದ್ದು ಚಿಟಿಕೆಯಷ್ಟು ಬೆಸುಗೆ. ಉಳಿದ ಎರಡು ಲೇಸರುಗಳನ್ನು ವರ್ಷಕ್ಕೆ ಎರಡು-ಮೂರು ಸಲ, ಒಂದೊಂದು ತಿಂಗಳು ಮಾತ್ರ ಹಚ್ಚುತ್ತ ನಾಸಾ 2009ರವರೆಗೆ ಎಳೆದುಕೊಂಡು ಹೋಯಿತು. ದಕ್ಷತೆಯ ಲೆಕ್ಕದಲ್ಲಿ ಗೆದ್ದ ಡಯೋಡನ್ನು ಆಯುಷ್ಯದ ಲೆಕ್ಕದಲ್ಲಿ ಮತ್ತೆ ಪರೀಕ್ಷೆಗೆ ಕೂರಿಸಿದ್ದು ಈ ಸೋಲು.

ಬೆಂಗಳೂರಿನ ಪೀಣ್ಯದಲ್ಲಿ ಚಂದ್ರಯಾನ-1ರ ಲೇಸರ್ ಉಪಕರಣದ ಕೆಲಸ ನಡೆಯುತ್ತಿದ್ದದ್ದು ಇದೇ ವರ್ಷಗಳಲ್ಲಿ. ಪೀಣ್ಯದ ಆ ಜಾಗಕ್ಕೆ ತನ್ನದೇ ಚರಿತ್ರೆಯಿದೆ. 1975ರಲ್ಲಿ ಹಾರಿದ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಉಡುಪಿ ಕಡೆಯ ಯು. ಆರ್. ರಾವ್ ಅವರ ತಂಡ ಕೈಗಾರಿಕಾ ಶೆಡ್ಡುಗಳಲ್ಲಿ ಕಟ್ಟಿದ್ದು ಅಲ್ಲೇ. 1993ರಲ್ಲಿ ಅಲ್ಲಿ ಇಸ್ರೊ ಲಿಯೊಸ್ ಎಂಬ ಪ್ರಯೋಗಾಲಯ ಸ್ಥಾಪಿಸಿತು. ಉಪಗ್ರಹಗಳಿಗೆ ದಿಕ್ಕು ತೋರುವ ನಕ್ಷತ್ರ ಸಂವೇದಕ, ಭೂಮಿ ಸಂವೇದಕ ಮೊದಲಾದ ಬೆಳಕಿನ ಉಪಕರಣಗಳು ಅದರ ಕಸುಬು. ಟಿ. ಕೆ. ಅಲೆಕ್ಸ್ ಅದರ ನಿರ್ದೇಶಕರಾಗಿದ್ದರು. ಜೆ. ಎ. ಕಮಲಾಕರ್ ಮತ್ತು ಸಂಗಡಿಗರು ರೂಪಿಸಿದ ಚಂದ್ರನ ಲೇಸರ್ ಅಳತೆಯ ಉಪಕರಣದ ವಿವರ 2005ರಲ್ಲಿ ಪ್ರಕಟವಾಯಿತು. ಹೆಸರು ಎಲ್‌ಎಲ್‌ಆರ್‌ಐ.

ಅದರ ಎದೆಯಲ್ಲಿ ಡಯೋಡಿನಿಂದ ನಡೆಯುವ ಯಾಗ್ ಲೇಸರ್. ಪ್ರತಿ ಮಿಣುಕಿನಲ್ಲಿ 10 ಮಿಲಿಜೌಲ್ ಶಕ್ತಿ, ಸೆಕೆಂಡಿಗೆ ಹತ್ತು ಮಿಣುಕು. ಸರಾಸರಿ ತೆಗೆದರೆ ವ್ಯಾಟಿನ ಹತ್ತನೇ ಒಂದು ಭಾಗ, ಟಾರ್ಚಿನ ಸಣ್ಣ ಬಲ್ಬಿಗೂ ಸಾಲದು. ಗುಟ್ಟಿರುವುದು ಅದನ್ನು ಸುರಿಯುವ ವೇಗದಲ್ಲಿ. ಎದ್ದ ನಿಯೊಡಿಮಿಯಂ ಅಯಾನು 230 ಮೈಕ್ರೊಸೆಕೆಂಡಿನಷ್ಟು ಹೊತ್ತು ಶಕ್ತಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಡಯೋಡು ಅಷ್ಟು ಹೊತ್ತು ಉಣಿಸುತ್ತದೆ, ಒಳಗಿನ ಸ್ವಿಚ್ಚು ಬಾಗಿಲು ಮುಚ್ಚಿರುತ್ತದೆ. ಬಾಗಿಲು ತೆರೆದಾಗ ಎಲ್ಲವೂ ಒಟ್ಟಿಗೆ ಹೊರಬೀಳುತ್ತದೆ. ಆ 10 ಮಿಲಿಜೌಲ್ 10 ನ್ಯಾನೊಸೆಕೆಂಡಿನಲ್ಲಿ ಸುರಿದರೆ ಆ ಕ್ಷಣದ ಮಟ್ಟಿಗೆ 10 ಲಕ್ಷ ವ್ಯಾಟ್. ಬೆಳಕು 100 ಕಿ.ಮೀ. ಕೆಳಗೆ ಚಂದ್ರನ ನೆಲಕ್ಕೆ ತಾಗಿ, ಚದುರಿ, ಅದರ ಲವಲೇಶ ವಾಪಸು ಬರುತ್ತದೆ. ಹೋಗಿ ಬರಲು ಸೆಕೆಂಡಿನ 1500ನೇ ಒಂದು ಭಾಗ. 5 ಮೀಟರಿನ ವ್ಯತ್ಯಾಸ ಗೊತ್ತಾಗಬೇಕಾದರೆ 33 ನ್ಯಾನೊಸೆಕೆಂಡಿನ ವ್ಯತ್ಯಾಸವನ್ನು ಗಡಿಯಾರ ಹಿಡಿಯಬೇಕು.

ಇಲ್ಲಿ ದೀಪ ಯಾಕೆ ನಡೆಯದು? ದಿನಕ್ಕೆ 8 ಲಕ್ಷದ 64 ಸಾವಿರ ಮಿಣುಕು. ಫ್ಲ್ಯಾಷ್ ದೀಪದ ಆಯುಷ್ಯ ಒಂದು ಕೋಟಿ ಮಿಣುಕು ಎಂದು ಧಾರಾಳವಾಗಿ ಲೆಕ್ಕ ಹಿಡಿದರೂ ಹನ್ನೆರಡನೇ ದಿನಕ್ಕೆ ದೀಪ ಆರುತ್ತದೆ. ಚಂದ್ರನ ಸುತ್ತ ಬಲ್ಬು ಬದಲಿಸುವವರು ಯಾರು?

2008ರ ಅಕ್ಟೋಬರ್ 22ರಂದು ಶ್ರೀಹರಿಕೋಟಾದಿಂದ ಚಂದ್ರಯಾನ-1 ಹಾರಿತು. ಯೋಜನಾ ನಿರ್ದೇಶಕರು ಎಂ. ಅಣ್ಣಾದೊರೈ. ಸೌರಫಲಕದಿಂದ ಸಿಗುವುದು ಗರಿಷ್ಠ 700 ವ್ಯಾಟ್, ಅದರಲ್ಲಿ ಹನ್ನೊಂದು ಉಪಕರಣಗಳು ಬದುಕಬೇಕು. ನವೆಂಬರ್ 14ರಂದು ಚಂದ್ರನ ಮೇಲೆ ಬಿದ್ದ ಶೋಧಕದ ಸುದ್ದಿ ಪತ್ರಿಕೆಗಳ ಮುಖಪುಟ ತುಂಬಿತು. ಎರಡು ದಿನ ಬಿಟ್ಟು ನವೆಂಬರ್ 16ರಂದು ಲೇಸರ್ ಚಾಲೂ ಆದದ್ದು ಅಷ್ಟಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಕ್ಯಾಮೆರಾಗಳಿಗೆ ಬಿಸಿಲು ಬೇಕು, ಇದಕ್ಕೆ ಬೇಡ. ಚಂದ್ರನ ಹಗಲಿನಲ್ಲೂ ರಾತ್ರಿಯಲ್ಲೂ, ಧ್ರುವಗಳ ಮೇಲೂ ಅದು ಸೆಕೆಂಡಿಗೆ ಹತ್ತು ಅಳತೆ ತೆಗೆಯತೊಡಗಿತು. ನೌಕೆಯ ಓಟದ ಲೆಕ್ಕದಲ್ಲಿ ನೆಲದ ಮೇಲೆ ಸುಮಾರು 150 ಮೀಟರಿಗೊಂದು ಚುಕ್ಕೆ.

ಅಷ್ಟರಲ್ಲಿ ಬಿಸಿ ಬಂತು. ನವೆಂಬರ್ ಕೊನೆಯ ವಾರ ನೌಕೆಯ ಉಷ್ಣತೆ 50 ಡಿಗ್ರಿಗೆ ಏರಿರುವುದಾಗಿ ಇಸ್ರೊ ತಿಳಿಸಿತು. ಒಂದು ಕಡೆ ಸೂರ್ಯನ ಶಾಖ, ಇನ್ನೊಂದು ಕಡೆ ಕಾದ ಚಂದ್ರನ ನೆಲ ಹಿಂದಕ್ಕೆ ಎಸೆಯುವ ಶಾಖ. ನೌಕೆಯನ್ನು 20 ಡಿಗ್ರಿ ತಿರುಗಿಸಿ, ಕೆಲವು ಉಪಕರಣಗಳನ್ನು ಆರಿಸಿ 40ಕ್ಕೆ ಇಳಿಸಿದರು. ಡಯೋಡ್ ಲೇಸರುಗಳ ಜೊತೆ ಕೆಲಸ ಮಾಡಿದವರಿಗೆ ಈ ಸುದ್ದಿಯ ಅರ್ಥ ಬೇಗ ಹೊಳೆಯುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಡಯೋಡಿನ ಬೆಳಕು ಸುಮಾರು 0.3 ನ್ಯಾನೊಮೀಟರ್ ಸರಿಯುತ್ತದೆ. ಯಾಗ್ ಹರಳು ಚೆನ್ನಾಗಿ ಹೀರುವ ಪಟ್ಟಿಯ ಅಗಲವೋ ಒಂದೆರಡು ನ್ಯಾನೊಮೀಟರ್. ಹತ್ತು ಡಿಗ್ರಿ ತಪ್ಪಿದರೆ 808 ಎಂಬುದು 811 ಆಗಿ, ಹರಳು ಮುಖ ತಿರುಗಿಸುತ್ತದೆ. ಹೀಗಾಗಿ ಡಯೋಡ್ ಲೇಸರ್ ಹೊತ್ತ ಯಾವ ನೌಕೆಯಲ್ಲೂ ಶಾಖದ ನಿಯಂತ್ರಣ ಎಂದರೆ ಲೇಸರಿನದೇ ಒಂದು ಅಂಗ.

ಮುಂದೆ ಚಂದ್ರಯಾನ-1ರ ನಕ್ಷತ್ರ ಸಂವೇದಕಗಳು ಒಂದೊಂದಾಗಿ ಕೆಟ್ಟವು. 2009ರ ಮೇ ತಿಂಗಳಲ್ಲಿ ಕಕ್ಷೆಯನ್ನು 100ರಿಂದ 200 ಕಿ.ಮೀ.ಗೆ ಏರಿಸಿದರು. ದೂರ ಎರಡು ಪಟ್ಟಾದರೆ ಮರಳಿ ಬರುವ ಲೇಸರ್ ಬೆಳಕು ಕಾಲು ಪಾಲಿಗೆ ಇಳಿಯುತ್ತದೆ. ಆಗಸ್ಟ್ 29ರಂದು ಸಂಪರ್ಕ ಕಡಿಯಿತು. ಎರಡು ವರ್ಷ ನಡೆಯಬೇಕಿದ್ದ ಯಾನ 312 ದಿನಕ್ಕೆ ನಿಂತಿತು. ಚಂದ್ರಯಾನ-1 ಎಂದರೆ ನೀರಿನ ಅಂಶ ಪತ್ತೆಯಾದದ್ದು ಎಂದೇ ಜನರ ನೆನಪು, ಅದು ನ್ಯಾಯವೂ ಹೌದು. ಲೇಸರಿನ ಮಟ್ಟಿಗೆ ಹೇಳುವುದಾದರೆ, ಅದೇ ಕಾಲದಲ್ಲಿ ಜಪಾನಿನ ಕಗುಯಾ, ಚೀನಾದ ಚಾಂಗ್-1 ಕೂಡ ಇದೇ ಜಾತಿಯ ಯಾಗ್ ಲೇಸರಿನಿಂದ ಚಂದ್ರನನ್ನು ಅಳೆಯುತ್ತಿದ್ದವು. ಹಾಗಾಗಿ ನಕ್ಷೆಗಿಂತ ದೊಡ್ಡ ಗಳಿಕೆ ಕೈಗೆ ಬಂದ ಅನುಭವ.

ಲಿಯೊಸ್ ಆ ಅನುಭವದ ಜೊತೆ ಮುಂದೆ ನಡೆಯಿತು. ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರಂದು ಇಳಿದಾಗ ಎತ್ತರ ಅಳೆಯಲೂ ವೇಗ ಅಳೆಯಲೂ ಲೇಸರ್ ಉಪಕರಣಗಳಿದ್ದವು. ಪ್ರಗ್ಯಾನ್ ಬಂಡಿಯಲ್ಲಿದ್ದ ಲಿಬ್ಸ್ ಎಂಬ ಉಪಕರಣ, ಅದೂ ಲಿಯೊಸ್‌ನದೇ, ಲೇಸರ್ ಮಿಣುಕಿನಿಂದ ಮಣ್ಣನ್ನು ಆವಿಯಾಗಿಸಿ ದಕ್ಷಿಣ ಧ್ರುವದ ಸಮೀಪದ ನೆಲದಲ್ಲಿ ಗಂಧಕ ಇರುವುದನ್ನು ಖಚಿತಪಡಿಸಿತು.

ವಿಕ್ರಮ್ ಮೇಲೆ ನಾಸಾ ಕೊಟ್ಟ ಒಂದು ಪುಟ್ಟ ಪ್ರತಿಫಲಕವೂ ಇದೆ. 5 ಸೆಂ.ಮೀ. ಅಗಲದ ಅರ್ಧಗೋಳದಲ್ಲಿ ಎಂಟು ಪ್ರಿಸಂಗಳು, ಯಾವ ಕಡೆಯಿಂದ ಬೆಳಕು ಬಂದರೂ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುತ್ತವೆ. 2023ರ ಡಿಸೆಂಬರ್ 12ರಂದು ನಾಸಾದ ಎಲ್‌ಆರ್‌ಒ ನೌಕೆ 100 ಕಿ.ಮೀ. ದೂರದಿಂದ ತನ್ನ ಲೇಸರನ್ನು ಅದರತ್ತ ಹಾಯಿಸಿ, ಮರಳಿದ ಬೆಳಕನ್ನು ಹಿಡಿಯಿತು. ಆ ಲೇಸರ್ ಲೋಲಾ ಉಪಕರಣದ್ದು. ಇದೂ ಡಯೋಡಿನಿಂದ ನಡೆಯುವ ಯಾಗ್. 2009ರ ಜೂನ್ 18ರಂದು, ಚಂದ್ರಯಾನ-1 ಇನ್ನೂ ಜೀವಂತವಿದ್ದಾಗ, ಹಾರಿದ್ದು. ಹದಿನಾಲ್ಕು ವರ್ಷ ದಾಟಿದರೂ ಅದರ ಡಯೋಡುಗಳು ಉಣಿಸುತ್ತಲೇ ಇದ್ದವು. ವಿಕ್ರಮ್‌ನ ಯಂತ್ರಗಳು ಮೂರು ತಿಂಗಳ ಹಿಂದೆಯೇ ನಿದ್ದೆಗೆ ಹೋಗಿದ್ದವು. ಪ್ರತಿಫಲಕಕ್ಕೆ ಕರೆಂಟೇ ಬೇಡವಾದ್ದರಿಂದ, ಮುಂದೆ ಅಲ್ಲಿಗೆ ಹೋಗುವ ನೌಕೆಗಳು ಲೇಸರ್ ಹಾಯಿಸಿ ತಾವೆಲ್ಲಿದ್ದೇವೆ ಎಂದು ಗುರುತಿಸಿಕೊಳ್ಳಲು ಅದು ಮೈಲಿಗಲ್ಲಾಗಿ ಒದಗುತ್ತದೆ.